ಹೊರಗಿನವರ ಕೈಗೆ ಕೊಟ್ಟ ಕೆಲಸ, ನಮ್ಮ ತಲೆ ಮೇಲಿನ ಹೊಣೆ

ಹಿಟ್ಟಿನಮನೆ: ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಘಟಕ ಇದೆ. ದೋಸೆ ಹಿಟ್ಟು, ಚಟ್ನಿಪುಡಿ ಮಾಡುತ್ತೇವೆ. ದೊಡ್ಡ ಅಂಗಡಿಯೊಂದಕ್ಕೆ ಮಾಲು ಕೊಡುವ ಮಾತಾಗಿ, ಅವರ ಕಡೆಯಿಂದ ಆಡಿಟ್‌ಗೆ ಬಂದಿದ್ದರು. ರುಬ್ಬುವುದು, ಹುರಿಯುವುದು, ಪ್ಯಾಕಿಂಗ್ ಯಾವುದಕ್ಕೂ ತಕರಾರಿಲ್ಲ. ಬರೆದುಕೊಂಡು ಹೋಗಿದ್ದೆಲ್ಲ ಹೊರಗಿನವರ ಬಗ್ಗೆ. ಜಿರಳೆ, ಇಲಿಗೆ ಔಷಧಿ ಹೊಡೆಯುವವರು, ಟ್ಯಾಂಕರ್ ನೀರಿನವರು, ಬಾಡಿಗೆ ಫ್ರಿಜ್ ಗಾಡಿ, ಮೆಷಿನ್ ರಿಪೇರಿ, ಏಪ್ರನ್ ಒಗೆಯುವವರು, ಟೆಸ್ಟಿಂಗ್ ಲ್ಯಾಬ್. ಒಬ್ಬೊಬ್ಬರಿಂದ ಏನು ಅಪಾಯ ಅಂತ ಬರೆದಿಡಬೇಕಂತೆ, ಕರಾರು ಮಾಡಿಕೊಳ್ಳಬೇಕಂತೆ, ಆಗಾಗ ಪರಿಶೀಲಿಸಬೇಕಂತೆ. ಇವರಲ್ಲಿ ಒಬ್ಬರೂ ನಮ್ಮ ಹಿಟ್ಟು ಮುಟ್ಟುವುದಿಲ್ಲ. ಇಷ್ಟೆಲ್ಲ ನಿಜವಾಗಿ ಬೇಕಾ?

ಬೊಮ್ಮಸಂದ್ರ ಕ್ಯೂಎ: ಬೇಕು ಸಾರ್, ಗುಣಮಟ್ಟ ನೋಡಿಕೊಳ್ಳುವ (ಕ್ಯೂಎ) ಕೆಲಸದವಳಾಗಿ ಹೇಳುತ್ತೇನೆ. 2017ರಲ್ಲಿ ಯೂರೋಪಿನಲ್ಲಿ ಆಗಿದ್ದು ನೋಡಿ. ನೆದರ್‌ಲ್ಯಾಂಡ್ಸ್‌ನ ಕೋಳಿ ಸಾಕಣೆಯವರು ಕೆಂಪು ಹೇನು ತೊಲಗಿಸಲು ಹೊರಗಿನ ಕಂಪನಿಯೊಂದನ್ನು ಕರೆಸಿದರು. ಗಿಡಮೂಲಿಕೆಯದು ಅಂತ ಬಳಸಿದ ದ್ರಾವಣದಲ್ಲಿ ಫಿಪ್ರೊನಿಲ್ ಅನ್ನುವ ಕೀಟನಾಶಕ ಇತ್ತು. ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಅಲ್ಲಿ ಅದು ನಿಷಿದ್ಧ. ಹಲವು ದೇಶಗಳ ಅಂಗಡಿಗಳಿಂದ ಲಕ್ಷಾಂತರ ಮೊಟ್ಟೆ ವಾಪಸ್ ಹೋದವು, ಫಾರಂಗಳಿಗೆ ಬೀಗ ಬಿತ್ತು. ಕ್ಲೀನಿಂಗಿಗೆ ಬಂದವರು ಒಂದು ಮೊಟ್ಟೆಯನ್ನೂ ಕೈಲಿ ಹಿಡಿದಿರಲಿಲ್ಲ.

ನಮ್ಮ ಕಾನೂನಿನಲ್ಲೂ ಹಾಗೇ ಇದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ತಯಾರಿಕೆಯಿಂದ ಮಾರಾಟದವರೆಗೆ, ನಿಮ್ಮ ಹಿಡಿತದಲ್ಲಿರುವ ಪ್ರತಿ ಹಂತಕ್ಕೂ ನೀವೇ ಜವಾಬ್ದಾರರು. ಕೆಲಸ ಕಾಂಟ್ರಾಕ್ಟಿಗೆ ಕೊಟ್ಟೆ ಅಂದರೆ ಆ ಹೊಣೆ ಕಳಚಿಕೊಳ್ಳುವುದಿಲ್ಲ. ಆಹಾರ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 22000ರ 2018ರ ಆವೃತ್ತಿಯಲ್ಲೂ ಹೊರಗಿನಿಂದ ಪಡೆಯುವ ಸೇವೆಗಳ ನಿಯಂತ್ರಣಕ್ಕೇ ಒಂದು ಕಲಮು ಇದೆ.

ಸಣ್ಣ ಉದ್ದಿಮೆ: ಮೇಡಂ, ನೀವು ಹೇಳುವುದು ದೊಡ್ಡ ಫ್ಯಾಕ್ಟರಿಗೆ ಸರಿ. ಎಂಟ್ಹತ್ತು ಜನ ಇರುವ ಕಡೆ ಮಾಲೀಕನೇ ಲೆಕ್ಕ ಬರೆಯಬೇಕು, ಅವನೇ ಗಾಡಿ ಹತ್ತಿಸಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಸಿಕ್ಕಿದರೆ ಸಾಕು ಅನ್ನುವ ಹಾಗಿತ್ತು. ಅವನ ಹತ್ತಿರ ಕರಾರು ಪತ್ರಕ್ಕೆ ಸಹಿ ಕೇಳಿದರೆ ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದ. ಇಷ್ಟು ಕಾಗದ ಕೇಳುವುದು ಸಣ್ಣವರನ್ನು ಹೊರಗೆ ಹಾಕೋದಕ್ಕೇ ಅಂತ ನನಗನ್ನಿಸುತ್ತದೆ.

ಲ್ಯಾಬ್ ಕೋಟು: ಸಹಿ ಹಾಕದಿದ್ದರೆ ಬಿಡಿ, ನೀರು ಸಂಪಿಗೆ ಬೀಳುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲಿ. ಟ್ಯಾಂಕರಿನ ಪೈಪನ್ನು ರಸ್ತೆ ಮೇಲೆ ಎಳೆದು ತಂದು, ಮಣ್ಣು ಮೆತ್ತಿದ ತುದಿಯನ್ನೇ ಸಂಪಿನೊಳಗೆ ಇಳಿಬಿಡುತ್ತಾರೆ. ಆ ತುದಿಯನ್ನು ತೊಳೆಸಿ, ನೀರಿಗೆ ತಾಗದ ಹಾಗೆ ಮೇಲೆ ಹಿಡಿಸಿ. ಕ್ಲೋರಿನ್ ನೋಡುವ ಚಿಕ್ಕ ಕಿಟ್ ಸಿಗುತ್ತದೆ, ಹನಿ ಹಾಕಿದರೆ ಬಣ್ಣ ಬರುತ್ತದೆ. ಕ್ಲೋರಿನ್ ಹಾಕಿದ ನೀರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು, ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಹೇಳುವ ಲೆಕ್ಕ ಅದು. ನೋಟ್‌ಬುಕ್ಕಿನಲ್ಲಿ ತಾರೀಖು, ಗಾಡಿ ನಂಬರು, ಬಣ್ಣ ಬರೆದರೆ ಅದೇ ದಾಖಲೆ.

ಇನ್ನೊಂದು, ಅಪಾಯವನ್ನು ಎಲ್ಲದಕ್ಕೂ ಒಂದೇ ಅಳತೆಯಲ್ಲಿ ತೂಗಬೇಡಿ. ದೋಸೆ ಹಿಟ್ಟು ಕೊನೆಗೆ ಕಾವಲಿ ಮೇಲೆ ಬೇಯುತ್ತದೆ, ಸೂಕ್ಷ್ಮಜೀವಿಗಳಿಗೆ ಅಲ್ಲೊಂದು ತಡೆ ಇದೆ. ಚಟ್ನಿಪುಡಿ ಹಾಗಲ್ಲ, ಡಬ್ಬದಿಂದ ನೇರ ತಟ್ಟೆಗೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಒಣ ಪುಡಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹುರಿದ ಮೇಲೆ ಪುಡಿ ಮಾಡುವ ಕೋಣೆಗೆ ರಿಪೇರಿಯವನು ಒದ್ದೆ ಬೂಟಿನಲ್ಲಿ ನುಗ್ಗಿದರೆ ನನಗೆ ಗಾಬರಿ ಆಗುವುದು ಅದಕ್ಕೆ. ರಾಸಾಯನಿಕದ ಕಥೆಯೇ ಬೇರೆ, ಕೀಟನಾಶಕ ಬಿದ್ದರೆ ಹಿಟ್ಟನ್ನು ಬೇಯಿಸಿದರೂ ಹೋಯಿತು ಅಂತ ನಂಬುವ ಹಾಗಿಲ್ಲ.

ಲ್ಯಾಬ್‌ನವರನ್ನೂ ಕೇಳಿ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಅಂದಮಾತ್ರಕ್ಕೆ ಎಲ್ಲ ಪರೀಕ್ಷೆಗೂ ಇದೆ ಅಂತಲ್ಲ. ನಿಮ್ಮ ಪದಾರ್ಥ, ನಿಮಗೆ ಬೇಕಾದ ಪರೀಕ್ಷೆ ಎರಡೂ ಆ ಮಾನ್ಯತೆಯ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ.

ಇಲಿಬೋನು: ನಾನು ಪೆಸ್ಟ್ ಕಂಟ್ರೋಲ್ ಕೆಲಸದವನು. ನಮ್ಮ ಕಡೆಯಿಂದಲೂ ಕೇಳಿ ಅಣ್ಣ. ರಾತ್ರಿ ಶಿಫ್ಟ್ ಮುಗಿದ ಮೇಲೆ ಕರೆಯುತ್ತಾರೆ, ವಾಚ್‌ಮನ್ ಗೇಟು ತೆಗೆಯುತ್ತಾನೆ, ಒಳಗೆ ಯಾರೂ ಇರುವುದಿಲ್ಲ. ಹಿಟ್ಟಿನ ಪಾತ್ರೆ ಮುಚ್ಚಿದ್ದಾರಾ, ಯಾವ ಚರಂಡಿಯಿಂದ ಜಿರಳೆ ಬರುತ್ತಿದೆ, ಹೇಳುವವರಿಲ್ಲ. ಬೆಳಿಗ್ಗೆ ಕಾರ್ಡಿಗೆ ಸಹಿ ಮಾತ್ರ ಬೇಕು. ವಿಷದ ಬಿಲ್ಲೆ ಕಾಂಪೌಂಡಿನಲ್ಲಿ, ಬೀಗದ ಪೆಟ್ಟಿಗೆಯೊಳಗೆ ಇಡಬೇಕು, ತಯಾರಿಕೆ ಕೋಣೆಯಲ್ಲಿ ಅಂಟಿನ ಹಾಳೆ ಅಥವಾ ಬೋನು ಮಾತ್ರ. ಆದರೂ ಒಳಗೇ ಇಡು ಅನ್ನುವ ಮಾಲೀಕರಿದ್ದಾರೆ. ನೊಣ ಹಿಡಿಯುವ ದೀಪವನ್ನು ಮಿಕ್ಸಿಂಗ್ ಟೇಬಲ್ ಮೇಲೇ ಹಾಕಿಸುತ್ತಾರೆ, ಸತ್ತ ನೊಣ ಎಲ್ಲಿಗೆ ಬೀಳಬೇಕು? ಮೂರು ಕೊಟೇಶನ್ ತರಿಸಿ ಕಡಿಮೆ ಹೇಳಿದವನಿಗೇ ಕೊಡುತ್ತಾರೆ. ಅವನ ಹತ್ತಿರ 1968ರ ಕೀಟನಾಶಕ ಕಾಯ್ದೆಯ ಲೈಸೆನ್ಸ್ ಇದೆಯಾ ಅಂತ ಕೇಳುವವರೇ ಕಡಿಮೆ.

ಸಣ್ಣ ಉದ್ದಿಮೆ: ಇದನ್ನು ಒಪ್ಪುತ್ತೇನೆ. ಜೊತೆಗೆ ನಿಲ್ಲುವುದಕ್ಕೆ ದುಡ್ಡು ಬೇಕಾಗಿಲ್ಲ. ಆದರೆ ಆ ಫೈಲು, ಆ ಕಾಗದಪತ್ರ ಯಾಕೆ?

ಬೊಮ್ಮಸಂದ್ರ ಕ್ಯೂಎ: ಫೈಲು ದಪ್ಪ ಇರಬೇಕು ಅಂತ ನಾನೂ ಹೇಳಲ್ಲ. ಆದರೆ ನಾಳೆ ಕೇಸಾದರೆ ಅದೇ ಕಾಯ್ದೆಯ 80ನೇ ಸೆಕ್ಷನ್ ಒಂದು ದಾರಿ ಕೊಡುತ್ತದೆ: ತಕ್ಕ ಎಚ್ಚರಿಕೆಯನ್ನೆಲ್ಲ ವಹಿಸಿದ್ದೆ ಅಂತ ಸಾಬೀತು ಮಾಡಬಹುದು. ಬಾಯಿ ಮಾತಲ್ಲಿ ಯಾರು ನಂಬುತ್ತಾರೆ? ಪ್ರತಿ ಸೇವೆಗೆ ಒಂದೊಂದು ಹಾಳೆ ಸಾಕು. ಏನು ಕೆಟ್ಟದಾಗಬಹುದು, ಅವರು ಬಂದಾಗ ನಮ್ಮಲ್ಲಿ ಯಾರು ಜೊತೆಗಿರುತ್ತಾರೆ, ಹೋದ ಮೇಲೆ ಏನು ನೋಡಬೇಕು. ರಿಪೇರಿಗೆ ಆದರೆ: ಹಿಟ್ಟಿಗೆ ತಾಗಬಹುದಾದ ಜಾಗಕ್ಕೆ ಫುಡ್ ಗ್ರೇಡ್ ಗ್ರೀಸು, ಬಿಚ್ಚಿದ ನಟ್ಟು ಬೋಲ್ಟು ಎಣಿಕೆ, ತೊಳೆದ ಮೇಲೇ ಗ್ರೈಂಡರ್ ಚಾಲೂ.

ಹಿಟ್ಟಿನಮನೆ: ಗಾಡಿಗೆ ಏನು ಮಾಡಲಿ? ಬಿಲ್ಲಿನ ಮೇಲೆ ಡ್ರೈವರ್ ದಿನಾ 4 ಡಿಗ್ರಿ ಅಂತಲೇ ಬರೆಯುತ್ತಾನೆ, ಅಂಗಡಿಯವರು ಮಾತ್ರ ಪ್ಯಾಕೆಟ್ ಉಬ್ಬಿದೆ ಅನ್ನುತ್ತಾರೆ.

ಲ್ಯಾಬ್ ಕೋಟು: ಡೀಸೆಲ್ ಉಳಿಸಲು ಗೊರಗುಂಟೆಪಾಳ್ಯದ ಜಾಮ್‌ನಲ್ಲಿ ಕಂಪ್ರೆಸರ್ ಆರಿಸಿದರೆ ಆ ಬರಹದಲ್ಲಿ ಗೊತ್ತಾಗಲ್ಲ. ಕ್ರೇಟಿನ ನಡುವೆ ಒಂದು ಡೇಟಾ ಲಾಗರ್ (ಉಷ್ಣಾಂಶವನ್ನು ತಾನೇ ದಾಖಲಿಸುವ ಚಿಕ್ಕ ಸಾಧನ) ಇಡಿ, ವಾಪಸ್ ಬಂದ ಮೇಲೆ ಕಂಪ್ಯೂಟರಿಗೆ ಹಾಕಿ ನೋಡಿ. ಮಾಲು ಹತ್ತಿಸುವ ಮುಂಚೆಯೇ ಗಾಡಿ ತಣ್ಣಗಾಗಿರಬೇಕು, ಇದನ್ನು ಬಾಡಿಗೆ ಮಾತಾಡುವಾಗಲೇ ಹೇಳಿಬಿಡಿ.

ಹಿಟ್ಟಿನಮನೆ: ಸರಿ. ನೀರು ಮತ್ತು ಪುಡಿ ಕೋಣೆಯಿಂದ ಶುರು ಮಾಡುತ್ತೇನೆ. ಇಲಿಬೋನು ಅವರೇ, ಲೈಸೆನ್ಸ್ ಕೊಡುವುದು ಯಾವ ಇಲಾಖೆ?

ಇಲಿಬೋನು: ಕೃಷಿ ಇಲಾಖೆ. ಲೈಸೆನ್ಸಿನ ಪ್ರತಿ ನೋಡಿದರೆ ಸಾಲದು, ಅವಧಿ ಮುಗಿದಿದೆಯಾ ನೋಡಿ, ತಂದ ಡಬ್ಬದ ಲೇಬಲ್ ಫೋಟೋ ತೆಗೆದಿಟ್ಟುಕೊಳ್ಳಿ.