ಸಹಾಯ ಬೇಕು: ಹಳೆ ಜಿಪ್ಸಿಗೆ ಲಿಫ್ಟ್ ಕಿಟ್, ಯಾವುದು ಸರಿ?

ನಮಸ್ಕಾರ ಎಲ್ಲರಿಗೂ. ನನ್ನ ಹತ್ತಿರ 2005ರ ಮಾರುತಿ ಜಿಪ್ಸಿ ಕಿಂಗ್ ಇದೆ. ಊರು ಹೊಸದುರ್ಗ ಕಡೆ. ತೋಟದ ದಾರಿಯಲ್ಲಿ ಒಂದು ಹಳ್ಳ ದಾಟಬೇಕು, ಬರೀ ಬಂಡೆ, ಮಳೆ ಬಂದರೆ ಎರೆ ಮಣ್ಣಿನ ಕೆಸರು ಬೇರೆ. ಹಿಂಬದಿಯ ಲೀಫ್ ಪ್ಲೇಟ್‌ಗಳು (ಗಾಡಿಯ ಭಾರ ಹೊರುವ ಪಟ್ಟಿ ಸ್ಪ್ರಿಂಗ್) ಚಪ್ಪಟೆಯಾಗಿವೆ, ಹೇಗಿದ್ದರೂ ಬದಲಾಯಿಸಬೇಕು, ಅದಕ್ಕೇ ಇದೇ ಸಲ ಲಿಫ್ಟ್ ಕಿಟ್ ಹಾಕಿಸಿ ಗಾಡಿಯನ್ನು ಎರಡು ಇಂಚು ಎತ್ತರಿಸೋಣ ಅಂತ.

ಚಿತ್ರದುರ್ಗದ ಮೆಕಾನಿಕ್ ಉದ್ದದ ಶ್ಯಾಕಲ್ (ಪ್ಲೇಟ್‌ನ ಒಂದು ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿದರೆ ಸಾಕು, ಖರ್ಚು ಕಡಿಮೆ ಅಂತಾರೆ. ಆದರೆ ಶ್ಯಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳೋದು ಸುಮಾರು ಒಂದೇ ಇಂಚು. ಮುಂದಿನ ಚಕ್ರದ ಕ್ಯಾಸ್ಟರ್ (ಚಕ್ರ ತಿರುಗಿಸುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕೂಡ ಕಡಿಮೆಯಾಗಿ ಹೈವೇಯಲ್ಲಿ ಸ್ಟೀರಿಂಗ್ ಅತ್ತಿತ್ತ ಎಳೆಯುತ್ತೆ. ಅದು ನನಗೆ ಬೇಡವೇ ಬೇಡ, ದಾವಣಗೆರೆಗೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಇದೇ ಗಾಡಿಯಲ್ಲಿ. ಈಗ ಆ್ಯಕ್ಸಲ್ ಕೆಳಗಿರುವ ಪ್ಲೇಟ್‌ಗಳನ್ನು ಅದರ ಮೇಲೆ ಕೂರಿಸೋದು ಇನ್ನೊಂದು ದಾರಿ, ಆದರೆ ಐದು ಇಂಚಿನಷ್ಟು ಏಳುತ್ತೆ, ಸ್ಟೀರಿಂಗ್ ಲಿಂಕ್ ಕೂಡ ಬದಲಾಯಿಸಬೇಕು. ನನ್ನ ಕೆಲಸಕ್ಕೆ ಅಷ್ಟು ಜಾಸ್ತಿ.

ಹಾಗಾಗಿ ಎರಡು ಇಂಚು ಎತ್ತರ ಕೊಡುವ ಹೊಸ ಪ್ಲೇಟ್ ಸೆಟ್, ಅದಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರ್ ಅಂತ ಯೋಚನೆ. ಹಾಕಿಸಿದವರು ದಯವಿಟ್ಟು ಹೇಳಿ: ಎರಡು ಇಂಚಿಗೆ ಬ್ರೇಕ್ ಹೋಸ್ ಉದ್ದ ಸಾಕಾಗುತ್ತಾ? ಪ್ರೊಪೆಲರ್ ಶಾಫ್ಟ್ (ಆ್ಯಕ್ಸಲ್‌ಗೆ ಶಕ್ತಿ ಒಯ್ಯುವ ದಂಡ) ನಡುಗುತ್ತಾ? ಖಾಲಿ ಗಾಡಿಯಲ್ಲಿ ತುಂಬಾ ಗಟ್ಟಿ ಅನ್ನಿಸುತ್ತಾ? ಗಾಡಿಯಲ್ಲಿ ಮಾರ್ಪಾಡು ಮಾಡಿಸುವ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ ಅಲ್ವಾ, ಮುಂದಿನ ಸಲ ಆರ್‌ಸಿ ನವೀಕರಣಕ್ಕೆ ಹೋದಾಗ ಆರ್‌ಟಿಒದಲ್ಲಿ ತಕರಾರು ಮಾಡ್ತಾರಾ? ದಾವಣಗೆರೆ, ಚಿತ್ರದುರ್ಗ ಸುತ್ತ ಈ ಕೆಲಸ ಗೊತ್ತಿರುವ ಗ್ಯಾರೇಜ್ ಇದ್ದರೆ ತಿಳಿಸಿ, ಬೆಂಗಳೂರಿಗೆ ಹೋಗೋಕೂ ತಯಾರಿದ್ದೇನೆ.