ಸಿನೆಮಾ ಹೆಸರು ಬರ್ತದ, ನಿರ್ದೇಶಕರ ಹೆಸರು ಯಾಕ ಬರಂಗಿಲ್ಲ?

ಪ್ರಶ್ನೆ: ನಮಸ್ಕಾರ್ರಿ ಸರ. ಕಲಬುರಗಿಯಾಗ ಬಿ.ಸಿ.ಎ. ಕೊನೇ ವರ್ಷ ಓದ್ಲಾಕತ್ತೀನಿ. ಪ್ರಾಜೆಕ್ಟಿಗೆ ಕನ್ನಡ ಸಿನೆಮಾಗಳ ಪಟ್ಟಿ ಮಾಡಬೇಕಾಗ್ಯದ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆದಾಗ, ಐಎಂಡಿಬಿ ಅನ್ನೋ ಸಿನೆಮಾ ಮಾಹಿತಿ ತಾಣದಿಂದ ವಿವರ ತರೋ ಸಿನೆಮಾಗೋಯರ್ ಲೈಬ್ರರಿ (ಸಿದ್ಧ ಕೋಡ್) ಹಾಕೀನಿ. ‘ನಾಗರಹಾವು’ ಅಂತ ಹುಡುಕಿದ್ರ ಹೆಸರು, ವರ್ಷ ಬರ್ತಾವ. ನಿರ್ದೇಶಕರನ್ನ ಕೇಳಿದ್ರ ‘ಕೀ ಎರರ್’, ಅಂದ್ರ ಕೇಳಿದ್ದು ಇಲ್ಲ ಅಂತ ಬರ್ತದ. ನೆಟ್ ಚಲೋನೇ ಅದ. ಏನ್ ತಪ್ಪಾಗ್ಯದ್ರಿ?

ಉತ್ತರ: ತಪ್ಪೇನಿಲ್ಲ ತಮ್ಮಾ, ಅರ್ಧಕ್ಕ ನಿಂತೀದಿ. ಸರ್ಚ್ ಮಾಡಿದಾಗ ಹೆಸರು, ವರ್ಷ, ಸಿನೆಮಾನೋ ಸೀರಿಯಲ್ಲೋ ಅನ್ನೋದು, ಒಂದು ಐಡಿ, ಇಷ್ಟೇ ಕೈಗೆ ಬರ್ತದ. ಯಾವ್ಯಾವ ವಿವರ ತಂದಾಗ್ಯದ ಅಂತ ತೋರ್ಸೋ ‘ಕರೆಂಟ್ ಇನ್ಫೋ’ ಪ್ರಿಂಟ್ ಮಾಡಿ ನೋಡು, ಖಾಲಿ ಪಟ್ಟಿ ಕಾಣ್ತದ. ಆ ಐಡಿ ಕೊಟ್ಟು ‘ಗೆಟ್ ಮೂವೀ’ ಕರಿ, ಇಲ್ಲಾ ಸರ್ಚ್‌ದಾಗ ಸಿಕ್ಕ ಅದೇ ಸಿನೆಮಾ ಆಬ್ಜೆಕ್ಟ್ ‘ಅಪ್‌ಡೇಟ್’ಗೆ ಕೊಡು. ಆಗ ನಿರ್ದೇಶಕರು, ತಾರಾಗಣ, ಕಥಾಸಾರ ಬರ್ತಾವ.

ಮೊದಲು ಬಂದದ್ದೇ ಖರೆ ಅಂತ ಹಿಡೀಬ್ಯಾಡ. ನಾಗರಹಾವು ಅಂದ್ರ ಪುಟ್ಟಣ್ಣ ಕಣಗಾಲರ 1972ರದೂ ಅದ, ಉಪೇಂದ್ರ ಇದ್ದ 2002ರದೂ ಅದ, ಕೋಡಿ ರಾಮಕೃಷ್ಣರ 2016ರದೂ ಅದ. ಇಂಗ್ಲಿಷ್ ಸ್ಪೆಲ್ಲಿಂಗ್‌ದಾಗ ಎಲ್ಲೆಲ್ಲಿ ಎರಡು ‘ಎ’ ಹಾಕ್ಯಾರೋ ದೇವರಿಗೇ ಗೊತ್ತು! ವರ್ಷ ತಾಳೆ ನೋಡಿ ಐಡಿ ಬರದಿಟ್ಕೋ. ಅದನ್ನ ಅಕ್ಷರ ಅಂತೇ ಇಡು, ನಂಬರ್ ಮಾಡಿದ್ರ ಶುರುವಿಗಿರೋ ಸೊನ್ನೆ ಹಾರಿ ಹೋಗ್ತದ.

ಪ್ರಶ್ನೆ: ಬಂತು ಸರ! ಆದ್ರ ಪಟ್ಟಿಯಾಗ ನೂರಾರು ಸಿನೆಮಾ ಅವ. ಒಂದೊಂದಾಗಿ ತರಾಕ ಲೂಪ್ ಹಚ್ಚಿದ್ರ ಭಾಳ ಹೊತ್ತು ಹಿಡೀತದ, ನಡುನಡುವ ಖಾಲಿನೂ ಬರ್ತಾವ.

ಉತ್ತರ: ಬಂದೇ ಬರ್ತಾವ. ಈ ಲೈಬ್ರರಿ ಐಎಂಡಿಬಿಯ ವೆಬ್ ಪುಟ ಓದಿ ಮಾಹಿತಿ ಹೆಕ್ಕೋದು. ಅವರು ಪುಟ ಬದಲಾಯಿಸಿದ್ರ ಇದು ಕಕ್ಕಾಬಿಕ್ಕಿ. ಇಷ್ಟು ದೊಡ್ಡ ಪಟ್ಟಿಗೆ ಇದನ್ನ ಬಿಟ್ಟುಬಿಡು ಅಂತೀನಿ. ವೈಯಕ್ತಿಕ, ವ್ಯಾಪಾರಕ್ಕಲ್ಲದ ಬಳಕೆಗೆ ಐಎಂಡಿಬಿನೇ ಡೇಟಾ ಫೈಲು ಪುಕ್ಕಟೆ ಕೊಡ್ತದ. ‘ಟೈಟಲ್ ಬೇಸಿಕ್ಸ್’ದಾಗ ಹೆಸರು, ವರ್ಷ, ‘ಟೈಟಲ್ ಕ್ರೂ’ದಾಗ ನಿರ್ದೇಶಕರ ಐಡಿ, ಆ ಐಡಿ ಯಾರದು ಅನ್ನೋದು ‘ನೇಮ್ ಬೇಸಿಕ್ಸ್’ದಾಗ. ಮೂರನ್ನೂ ಐಡಿ ಮ್ಯಾಲ ಜೋಡ್ಸು. ಎಕ್ಸೆಲ್‌ದಾಗ ಮಾತ್ರ ತೆಗೀಲಾಕ ಹೋಗಬ್ಯಾಡ. ಅದರ ಮಿತಿ 10,48,576 ಸಾಲು, ಈ ಫೈಲು ಅದಕ್ಕ ಬಗ್ಗೂವಲ್ಲ. ಪೈಥಾನ್‌ದ ಪಾಂಡಾಸ್ ಲೈಬ್ರರಿದಾಗ, ಕಾಲಂಗಳ ನಡುವ ಟ್ಯಾಬ್ ಅದ ಅಂತ ಹೇಳಿ ತುಂಡು ತುಂಡಾಗಿ ಓದು. ‘ಬ್ಯಾಕ್‌ಸ್ಲ್ಯಾಷ್ ಎನ್’ ಕಂಡ್ರ ಅಲ್ಲಿ ಮಾಹಿತಿ ಇಲ್ಲಂತ.

ಪ್ರಶ್ನೆ: ಕಥಾಸಾರ, ಪೋಸ್ಟರ್ ಅದರಾಗೇ ಸಿಗ್ತಾವೇನ್ರಿ?

ಉತ್ತರ: ಇಲ್ಲ. ಅದಕ್ಕ ಟಿಎಂಡಿಬಿ ಅನ್ನೋ ಇನ್ನೊಂದು ಸಿನೆಮಾ ಮಾಹಿತಿ ತಾಣದ ಎಪಿಐ ಕೀ (ಕೋಡ್‌ನಿಂದ ಮಾಹಿತಿ ಕೇಳಾಕ ಬೇಕಾದ ಗುಟ್ಟಿನ ಗುರುತು) ತಗೋ. ಅಲ್ಲಿ ‘ಫೈಂಡ್’ಗೆ ಐಎಂಡಿಬಿ ಐಡಿನೇ ಕೊಟ್ರ ಆತು, ಹೆಸರು ಹುಡುಕೋ ಗೋಜಿಲ್ಲ. ಕೀ ಬೇರೆ ಫೈಲಿನ್ಯಾಗ ಇಡು, ಕೋಡ್ ಜೋಡಿ ಎಲ್ಲಾರಿಗೂ ಕಾಣೂ ಹಂಗ ಗಿಟ್‌ಹಬ್ (ಕೋಡ್ ಇಡೋ ತಾಣ) ಮ್ಯಾಲ ಏರಿಸಿ ಕೂತೀಯಾ ಮತ್ತ!