ಮುಚ್ಚಿಟ್ಟ ತಪ್ಪನ್ನು ನೀವು ಯಾರ ಮುಂದೆ ಹೇಳಿದಿರಿ?

ಹುಬ್ಬಳ್ಳಿಯಿಂದ ಕೇಳುತ್ತಿದ್ದೇನೆ. ಆರು ವರ್ಷದ ಹಿಂದೆ ನಮ್ಮ ಚರ್ಚ್ ಸಭೆಯ ಸುಗ್ಗಿ ಹಬ್ಬದ ಹರಾಜಿನ ಹಣ ನನ್ನ ಕೈಯಲ್ಲಿತ್ತು. ತಂಗಿಯ ಆಸ್ಪತ್ರೆ ಖರ್ಚಿಗೆ ಅಂತ ಅದರಲ್ಲಿ 8,500 ರೂಪಾಯಿ ತೆಗೆದೆ. ಅರ್ಧ ವಾಪಸ್ ಹಾಕಿದೆ. ಉಳಿದದ್ದಕ್ಕೆ ಹರಾಜಿನ ಮೊತ್ತವನ್ನೇ ಕಡಿಮೆ ಬರೆದೆ. ಯಾರಿಗೂ ಗೊತ್ತಿಲ್ಲ. ಈಗ ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚುವ) ಭಾನುವಾರ ಬಂದರೆ ಫೋನ್ ಬಂತು ಅಂತ ನೆಪ ಹೇಳಿ ಹೊರಗೆ ಬೈಕ್ ಹತ್ತಿರ ನಿಲ್ಲುತ್ತೇನೆ. ದೇವರ ಹತ್ತಿರ ನೂರು ಸಲ ಕ್ಷಮೆ ಕೇಳಿದೆ, ಮನಸ್ಸು ಹಗುರಾಗಲಿಲ್ಲ. ಇಂಥದ್ದನ್ನು ದಾಟಿ ಬಂದವರು ಹೇಳಿ.

ಬೆಟಗೇರಿಯಿಂದ:
ಉಳಿದ ದುಡ್ಡನ್ನು ಕಾಣಿಕೆ ಡಬ್ಬಿಗೆ ಹಾಕಿ ಸುಮ್ನಿದ್ದುಬಿಡಿ. ಸಣ್ಣ ಸಭೆ, ಒಂದು ಮಾತು ಹತ್ತಾಗುತ್ತದೆ. ನಾನು ಮಾಡಿದ್ದೂ ಅದನ್ನೇ.

ಬ್ಯಾಡಗಿಯಿಂದ:
ಮೇಲಿನವರ ಮಾತು ನಾನು ಒಪ್ಪಲ್ಲ. ನಾನು ಇಲ್ಲಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಸೋಮವಾರ, ಗುರುವಾರ ಮಾರುಕಟ್ಟೆ. ಆ ಘಾಟು, ಆ ಗದ್ದಲದಲ್ಲಿ ಯಾರು ಏನು ಬರೆದುಕೊಂಡರು ಅಂತ ರೈತ ನೋಡೋದಾದರೂ ಹೇಗೆ? ಕುಂದಗೋಳ ಕಡೆಯ ಒಬ್ಬರ 14 ಚೀಲ ಮೆಣಸಿನಕಾಯಿಗೆ ತಲಾ ಎರಡು ಕಿಲೋ ಕಡಿಮೆ ಬರೆದೆ. 28 ಕಿಲೋ. ಆಗಿನ ದರ ಕಿಲೋಗೆ 120. ಆ ಕಾಯಿ ಬೇರೆ ಮಾರಿ 3,360 ರೂಪಾಯಿ ಜೇಬಿಗೆ ಹಾಕಿಕೊಂಡೆ. ಇಷ್ಟು ವರ್ಷವಾದರೂ ಅಂಕಿ ಮರೆತಿಲ್ಲ ನೋಡಿ.

ಆಮೇಲೆ ವಿಶ್ವಾಸಕ್ಕೆ ಬಂದೆ, ದೀಕ್ಷಾಸ್ನಾನ ಆಯ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಆ ತೂಕದ ಚೀಟಿಯೇ ಕಾಣುತ್ತಿತ್ತು. ಬೈಬಲಿನ ಯಾಜಕಕಾಂಡ 6ರಲ್ಲಿ ಇದಕ್ಕೆ ದಾರಿ ಇದೆ: ಮೋಸದಿಂದ ತಗೊಂಡದ್ದನ್ನು ಪೂರ್ತಿ ಕೊಡಬೇಕು, ಮೇಲೆ ಐದರಲ್ಲಿ ಒಂದು ಪಾಲು ಸೇರಿಸಬೇಕು, ಅದನ್ನು ಕಳಕೊಂಡವರ ಕೈಗೇ ಕೊಡಬೇಕು. 672 ಸೇರಿಸಿ 4,032 ಮಾಡಿದೆ. ಬೈಬಲಿನಲ್ಲಿ ಬರುವ ಸುಂಕದವ ಜಕ್ಕಾಯನ ಹಾಗೆ ನಾಲ್ಕರಷ್ಟು ಕೊಡೋ ತಾಕತ್ತು ನನಗಿರಲಿಲ್ಲ.

ಹೋದರೆ ಆ ಯಜಮಾನರು ತೀರಿಕೊಂಡಿದ್ದರು. ಅವರ ಹೆಂಡತಿ ಕಟ್ಟೆ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಎಲ್ಲಾ ಹೇಳಿದೆ. ಅವರ ಕೈ ನಿಂತಿತು. "ಅವತ್ತ ರಾತ್ರಿ ನಮ್ಮನಿಯವ್ರು ನನಗ ಹೊಡದ್ರಪ್ಪ. ಮನ್ಯಾಗ ತೂಗಿಟ್ಟಾಕಿ ನಾನ. ನೀನ ಕಾಯಿ ತಗದು ಮಾರ್ಕೊಂಡಿ ಅಂದ್ರು."

ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಂಡರು. ಚಹಾ ಕೊಟ್ಟರು. ಕ್ಷಮಿಸಿದೆ ಅನ್ನಲಿಲ್ಲ. ನನಗೂ ಕೇಳೋಕೆ ಬಾಯಿ ಬರಲಿಲ್ಲ.

ಅಲ್ಲಿವರೆಗೂ ನಾನು ದೇವರ ಹತ್ತಿರ ಕ್ಷಮೆ ಕೇಳಿದ್ದು 28 ಕಿಲೋಗೆ. ಆ ಏಟು ನನ್ನ ಲೆಕ್ಕದಲ್ಲೇ ಇರಲಿಲ್ಲ. ಡಬ್ಬಿಗೆ ಹಾಕಿದ್ದರೆ ಸಾಯೋವರೆಗೂ ಗೊತ್ತಾಗುತ್ತಿರಲಿಲ್ಲ. ನಿಮ್ಮದರಲ್ಲೂ ಮೊತ್ತ ಕಡಿಮೆ ಬಂದಾಗ ಯಾರ ಮೇಲೆ ಅನುಮಾನ ಬಂತು, ನೆನಪು ಮಾಡಿಕೊಳ್ಳಿ.

ಹಾವೇರಿಯಿಂದ:
ನಾವು ಕಥೋಲಿಕರು. ನಮ್ಮಲ್ಲಿ ಗುರುಗಳ ಮುಂದೆ ಪಾಪನಿವೇದನೆ ಮಾಡುತ್ತೇವೆ. ಕೇಳಿದ್ದನ್ನು ಅವರು ಯಾರಿಗೂ ಹೇಳುವಂತಿಲ್ಲ, ಪೊಲೀಸರಿಗೂ. ಹಾಗಂತ ಅಲ್ಲಿಗೆ ಮುಗಿಯಲಿಲ್ಲ. "ಮೊದಲು ಕೊಟ್ಟು ಬಾ" ಅಂತಲೇ ನನಗೆ ಹೇಳಿದರು. ಡಬ್ಬಿ ವಿಷಯ ಬಂತಲ್ಲ, ಯೇಸುವನ್ನು ಹಿಡಿದುಕೊಟ್ಟ ಯೂದನೂ ಅದಕ್ಕೆ ಸಿಕ್ಕ 30 ಬೆಳ್ಳಿ ನಾಣ್ಯ ದೇವಾಲಯದಲ್ಲಿ ಎಸೆದೇ ಹೋದ. ಯೇಸು ಯಾರೋ ಗೊತ್ತಿಲ್ಲ ಅಂದಿದ್ದ ಶಿಷ್ಯ ಪೇತ್ರ ಅತ್ತ, ಆದರೆ ಮತ್ತೆ ಯೇಸುವಿನ ಎದುರಿಗೆ ಬಂದ. ನೀವು ಮೈಕ್ ಹಿಡಿದು ಸಭೆಗೆಲ್ಲ ಸಾರಬೇಕಿಲ್ಲ. ಸಭಾಪಾಲಕರು, ಖಜಾಂಚಿ, ಇಬ್ಬರು ಸಾಕು.

ಧಾರವಾಡದಿಂದ:
ನನ್ನದು ಉಲ್ಟಾ. ಮಾಡದ ತಪ್ಪಿಗೂ ದಿನಕ್ಕೆ ಇಪ್ಪತ್ತು ಸಲ ಕ್ಷಮೆ ಕೇಳುತ್ತಿದ್ದೆ. ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿದರೆ ಮತ್ತೆ ಮೊದಲಿಂದ. ಇಲ್ಲಿನ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸಿದಾಗ ಗೀಳು ಕಾಯಿಲೆ ಅಂತ ತಿಳೀತು. ಮಾತ್ರೆ, ಆಪ್ತಸಮಾಲೋಚನೆಯಿಂದ ಈಗ ಎಷ್ಟೋ ವಾಸಿ. ನಿಮ್ಮದು ಹಾಗಲ್ಲ, 4,250 ಅನ್ನೋ ಲೆಕ್ಕ ಕಣ್ಣೆದುರೇ ಇದೆ. ಎಲ್ಲಾ ತೀರಿಸಿದ ಮೇಲೂ ನಿದ್ದೆ ಬರದಿದ್ದರೆ ಡಾಕ್ಟರಿಗೆ ತೋರಿಸಿ. ಅದರಲ್ಲಿ ವಿಶ್ವಾಸ ಕಡಿಮೆ ಅನ್ನೋದೇನಿಲ್ಲ.

ಮತ್ತೆ ಹುಬ್ಬಳ್ಳಿಯಿಂದ:
ಎಲ್ಲರ ಮಾತೂ ಓದಿದೆ. ಬ್ಯಾಡಗಿ ಅಣ್ಣಾರ ಕೊನೆಯ ಮಾತಿಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ನಮ್ಮಲ್ಲಿ ಹರಾಜು ಕೂಗುತ್ತಿದ್ದ ಕಾಕಾ ಒಬ್ಬರಿದ್ದರು. ಒಂದು ಕುಂಬಳಕಾಯಿಗೆ ಐನೂರು ಏರಿಸೋ ಮನುಷ್ಯ. ಆ ವರ್ಷ ಆದಮೇಲೆ ಅವರು ಕೂಗೋಕೆ ಬರಲೇ ಇಲ್ಲ. ಯಾಕೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಬೆಳಗ್ಗೆ ಖಜಾಂಚಿಯವರಿಗೆ ಫೋನ್ ಮಾಡಿದೆ. ಭಾನುವಾರ ಹಳೇ ಲೆಕ್ಕದ ಪುಸ್ತಕ ತರ್ತೀರಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಯಾವ ವರ್ಷದ್ದು?" ಅಂದರು.